ಮಾರ್ಚ್ ತಿಂಗಳ ಲೆಕ್ಕಕ್ಕೆ ಜೂನ್ ತಿಂಗಳ ಸಿದ್ಧತೆ

ಕಾಲೇಜುಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಬೋಧನೆಯ ಮಟ್ಟ, ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿಗಳ ಶಿಸ್ತು ಇವುಗಳನ್ನೇ ವಿಷಯವಾಗಿ ಆರಿಸಿಕೊಳ್ಳುತ್ತಾರೆ. ಕಚೇರಿಯ ಒಂದು ಮೂಲೆಯ ಮೇಜಿನ ಮೇಲೆ ದಾರ ಕಟ್ಟಿ ಇಟ್ಟಿರುವ ವಿದ್ಯಾರ್ಥಿವೇತನದ ಕಡತದ ಕಡೆಗೆ ಅವರ ದೃಷ್ಟಿ ಹರಿಯುವುದು ಅಪರೂಪ. ಆದರೆ ಚಿನ್ನದ ಗಣಿಯ ನಮ್ಮ ಸೀಮೆಯಲ್ಲಿ ಎಷ್ಟೋ ಮಕ್ಕಳ ಓದು ಮುಂದುವರಿಯುವುದೂ ನಿಲ್ಲುವುದೂ ಆ ಕಡತದಿಂದಲೇ. ಆ ಮೇಜಿನ ಹಿಂದೆ ಹಲವು ವರ್ಷ ಕುಳಿತಿದ್ದವನಾದ್ದರಿಂದ ಎರಡು ಮಾತು ಬರೆಯುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು 1944ರಷ್ಟು ಹಿಂದೆಯೇ ಆರಂಭವಾದ ಯೋಜನೆ. ಹಿಂದೆ ಹಣ ಕಾಲೇಜಿಗೇ ಬರುತ್ತಿತ್ತು. ಬಟವಾಡೆ ಪುಸ್ತಕದಲ್ಲಿ ರೆವಿನ್ಯೂ ಸ್ಟಾಂಪಿನ ಮೇಲೆ ಹುಡುಗನ ಸಹಿ ಪಡೆದು ಹಣ ಎಣಿಸಿ ಕೊಡುತ್ತಿದ್ದೆವು. ಬಾರದವನ ಹಣವನ್ನು ಮಾರ್ಚ್ 31ರೊಳಗೆ ಚಲನ್ ಮೂಲಕ ಖಜಾನೆಗೆ ಹಿಂದಿರುಗಿಸುತ್ತಿದ್ದೆವು. ಆ ಪದ್ಧತಿಯಲ್ಲಿ ದೋಷಗಳಿದ್ದವು, ನಿಜ. ಆದರೆ ತಪ್ಪು ಎಲ್ಲಿದೆಯೆಂಬುದು ಕಣ್ಣೆದುರಿಗೇ ಕಾಣುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಈ ಯೋಜನೆಯನ್ನು ಪರಿಷ್ಕರಿಸಿ, ಐದು ವರ್ಷಗಳಿಗೆ 59,048 ಕೋಟಿ ರೂಪಾಯಿಗಳ ವೆಚ್ಚಕ್ಕೆ ಮಂಜೂರಾತಿ ನೀಡಿ, ಅದರಲ್ಲಿ ಶೇಕಡಾ 60ನ್ನು ಕೇಂದ್ರವೇ ಭರಿಸುವುದೆಂದು ತೀರ್ಮಾನಿಸಿತು. ರಾಜ್ಯವು ತನ್ನ ಪಾಲನ್ನು ಪಾವತಿ ಮಾಡಿದ ಮೇಲೆ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಸೇರುವ ವ್ಯವಸ್ಥೆಯೂ ಅದರೊಡನೆ ಬಂದಿತು. ಪ್ರತಿಯೊಂದು ಸಂಸ್ಥೆಯೂ ಆರು ತಿಂಗಳಿಗೊಮ್ಮೆ ತಾನೇ ಪರಿಶೋಧಿಸಿದ ಲೆಕ್ಕದ ವರದಿಯನ್ನು ಸಲ್ಲಿಸಬೇಕೆಂಬುದು ಆ ತೀರ್ಮಾನದಲ್ಲಿಯೇ ಅಡಗಿರುವ ಒಂದು ವಾಕ್ಯ. ‘ಹಣ ನಮ್ಮ ಕೈಯಲ್ಲಿಲ್ಲ, ಹೊಣೆಯೂ ನಮಗಿಲ್ಲ’ ಎಂದು ನಿಟ್ಟುಸಿರು ಬಿಟ್ಟ ಕಚೇರಿಗಳು ಈ ವಾಕ್ಯವನ್ನು ಗಮನಿಸಿದಂತೆ ತೋರುವುದಿಲ್ಲ.

ಇದಲ್ಲದೆ ಕೇಂದ್ರ ಶಿಕ್ಷಣ ಸಚಿವಾಲಯದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಿದೆ. 2010-11ನೆಯ ಸಾಲಿನಿಂದ ಆರಂಭವಾದ ಈ ಸಮೀಕ್ಷೆಗೆ ವಿಶ್ವವಿದ್ಯಾಲಯ, ಕಾಲೇಜುಗಳೆಲ್ಲವೂ ವರ್ಷಕ್ಕೊಮ್ಮೆ ನಮೂನೆ ತುಂಬಿಕೊಡಬೇಕು. ದಾಖಲಾದವರೆಷ್ಟು, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ಯಾವ ವರ್ಗದವರೆಷ್ಟು, ವಿದ್ಯಾರ್ಥಿವೇತನ ಪಡೆದವರೆಷ್ಟು ಎಂಬೆಲ್ಲ ಪ್ರಶ್ನೆಗಳಿಗೂ ಅಂಕಿಗಳಲ್ಲಿ ಉತ್ತರ ಕೊಡಬೇಕು. ಮೊದಲ ಸಮೀಕ್ಷೆಗಳಲ್ಲಿ ಸೆಪ್ಟೆಂಬರ್ 30ರಂದು ಇದ್ದ ಸ್ಥಿತಿಯನ್ನು ಕೇಳುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಎಣಿಸಬೇಕಾದ ತಲೆಗಳನ್ನು ತಿಂಗಳುಗಳು ಕಳೆದ ಮೇಲೆ ಹಾಜರಿ ಪುಸ್ತಕ ತಿರುವಿ ಎಣಿಸಿದ ಮಹನೀಯರ ಪೈಕಿ ನಾನೂ ಒಬ್ಬ. ಅಷ್ಟು ಹೊತ್ತಿಗೆ ನಾಲ್ಕು ಹುಡುಗರು ಕಾಲೇಜು ಬಿಟ್ಟಿರುತ್ತಾರೆ, ಇಬ್ಬರು ವಿಭಾಗ ಬದಲಿಸಿರುತ್ತಾರೆ. ಆಗ ಅಂದಾಜು ಮಾಡುವುದೊಂದೇ ದಾರಿ. ಆ ಅಂದಾಜೇ ಮುಂದೆ ರಾಷ್ಟ್ರದ ಅಂಕಿ ಅಂಶವಾಗಿ ಮುದ್ರಿತವಾಗಿ, ನಮ್ಮ ಯುವಜನರಲ್ಲಿ ಶೇಕಡಾ ಎಷ್ಟು ಮಂದಿ ಕಾಲೇಜು ಸೇರಿದರೆಂಬ ಗಣನೆಗೆ ಒದಗುತ್ತದೆ!

ಈ ಕೆಲಸ ಬೇರೆಡೆಗಿಂತ ಕೆ.ಜಿ.ಎಫ್. ಮತ್ತು ಬಂಗಾರಪೇಟೆಗಳಲ್ಲಿ ಏಕೆ ಕಠಿಣವೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿದ ಮೇಲೆ ಗಣಿಯ ಲೈನುಗಳ ಮನೆಗಳಲ್ಲಿ ದುಡಿಯುವವರೆಲ್ಲ ಬೆಂಗಳೂರಿನ ದಾರಿ ಹಿಡಿದರು. ಇಂದಿಗೂ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿನಲ್ಲಿಯೇ ರೈಲು ಹತ್ತಿ, ಬಂಗಾರಪೇಟೆ ಜಂಕ್ಷನ್ನಿನ ಮೂಲಕ ಹೋಗಿ ರಾತ್ರಿ ಹಿಂದಿರುಗುವ ತಂದೆತಾಯಿಗಳಿದ್ದಾರೆ. ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಹೋಗಬೇಕಾದರೆ ಅವರಿಗೆ ಒಂದು ದಿನದ ಕೂಲಿ ನಷ್ಟ. ಪತ್ರದಲ್ಲಿ ತಪ್ಪಿದ್ದರೆ ಇನ್ನೊಂದು ದಿನ. ಕಡೆಯ ದಿನಾಂಕಕ್ಕೆ ಒಂದು ವಾರವಿರುವಾಗ ಸೂಚನಾ ಫಲಕಕ್ಕೆ ಕಾಗದ ಅಂಟಿಸಿ, ‘ತಕ್ಷಣ ಹಾಜರುಪಡಿಸತಕ್ಕದ್ದು’ ಎಂದು ಬರೆಯುವುದು ಸುಲಭ. ಆ ‘ತಕ್ಷಣ’ದ ಬೆಲೆ ತೆರುವವರು ಬೇರೆಯವರು.

ಇನ್ನು ಹೆಸರಿನ ತೊಡಕು. ಇಲ್ಲಿ ಕನ್ನಡ, ತಮಿಳು, ತೆಲುಗು ಮನೆಮಾತಿನವರು ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತಾರೆ. ತಮಿಳು ಮನೆಗಳಲ್ಲಿ ತಂದೆಯ ಹೆಸರಿನ ಮೊದಲಕ್ಷರವೇ ಇನಿಷಿಯಲ್. ಅದು ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ, ಆಧಾರ್‌ನಲ್ಲಿ ಹೆಸರಿನ ಮುಂದೆ, ಬ್ಯಾಂಕ್ ಪುಸ್ತಕದಲ್ಲಿ ಬಿಡಿಸಿ ಬರೆದ ಪೂರ್ಣ ಹೆಸರಾಗಿ ಕಾಣಿಸಿಕೊಳ್ಳುವುದುಂಟು. ಕೆ.ಜಿ.ಎಫ್. ಪ್ರತ್ಯೇಕ ತಾಲ್ಲೂಕಾದ ಮೇಲೆ ಹಳೆಯ ಪತ್ರಗಳಲ್ಲಿ ಬಂಗಾರಪೇಟೆ ತಾಲ್ಲೂಕೆಂದೂ ಹೊಸವುಗಳಲ್ಲಿ ಕೆ.ಜಿ.ಎಫ್. ತಾಲ್ಲೂಕೆಂದೂ ಇರುತ್ತದೆ. ಮನುಷ್ಯನಾದರೆ ನೋಡಿ ನಕ್ಕು, ‘ಅದೇ ಹುಡುಗಿಯಲ್ಲವೇ’ ಎಂದು ಸಹಿ ಹಾಕುತ್ತಾನೆ. ಗಣಕಯಂತ್ರಕ್ಕೆ ನಗು ತಿಳಿಯದು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಡೆದುದೊಂದನ್ನು ಹೇಳಿಬಿಡುತ್ತೇನೆ. ಎರಡನೆಯ ವರ್ಷದ ಪದವಿಯಲ್ಲಿದ್ದ ಒಬ್ಬ ಹುಡುಗಿಯ ಅರ್ಜಿ ಮಂಜೂರಾಗಿತ್ತು. ಹಣ ಮಾತ್ರ ಬಂದಿರಲಿಲ್ಲ. ಎರಡು ಸಲ ಬಂದು ಕೇಳಿದಳು. ‘ಬರುತ್ತದಮ್ಮ, ಸರ್ಕಾರದ ಕೆಲಸ’ ಎಂದು ಕಳುಹಿಸಿದೆ. ಮಾರ್ಚ್‌ನಲ್ಲಿ ಲೆಕ್ಕ ಹೊಂದಿಸಲು ಕುಳಿತಾಗ ಕಾರಣ ಗೋಚರಿಸಿತು. ಆಧಾರ್ ಜೋಡಣೆಯಾಗಿದ್ದುದು ಅವಳು ನಮಗೆ ಕೊಟ್ಟಿದ್ದ ಖಾತೆಗಲ್ಲ. ಬಾಲ್ಯದಲ್ಲೆಂದೋ ತೆರೆದು, ಬಳಕೆಯಿಲ್ಲದೆ ನಿಂತುಹೋಗಿದ್ದ ಮತ್ತೊಂದು ಖಾತೆಗೆ. ಸರಿಪಡಿಸಲು ಅರ್ಧ ಗಂಟೆಯ ಕೆಲಸ. ಹೇಳಿಕಳುಹಿಸಿದೆ. ಅವಳು ಫೆಬ್ರವರಿಯಲ್ಲಿಯೇ ಕಾಲೇಜು ಬಿಟ್ಟು ತಾಯಿಯೊಡನೆ ಬೆಳಗಿನ ರೈಲು ಹತ್ತಿದ್ದಳು. ಜುಲೈನಲ್ಲಿ ನಾನು ಆ ಅರ್ಧ ಗಂಟೆಯನ್ನು ವ್ಯಯಿಸಬಹುದಾಗಿತ್ತು. ಮೇಲಿನವರನ್ನು ದೂರಿ ನನ್ನನ್ನು ಸಮಾಧಾನಪಡಿಸಿಕೊಳ್ಳಲು ಪ್ರಯತ್ನಿಸಿದ್ದೇನೆ, ಸಾಧ್ಯವಾಗಿಲ್ಲ.

ಮೇಲಿನವರ ದೋಷವಿಲ್ಲವೆಂದಲ್ಲ. ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳಲ್ಲಿ 2012ರಿಂದ 2017ರವರೆಗೆ ಈ ವಿದ್ಯಾರ್ಥಿವೇತನ ನಡೆದ ಬಗೆಯನ್ನು ಪರಿಶೀಲಿಸಿದ ಮಹಾಲೇಖಪಾಲರ 2018ರ ವರದಿಯು ಪಾವತಿಯ ವಿಳಂಬವನ್ನು ಎತ್ತಿ ತೋರಿಸಿತು. ಜಾಲತಾಣವನ್ನು ತೆರೆಯುವ ದಿನ ನಮ್ಮ ಕೈಯಲ್ಲಿಲ್ಲ ಎಂಬ ಗುಮಾಸ್ತರ ಮಾತೂ ದಿಟವೇ. ಹಲವೆಡೆ ಈ ಹೊಣೆಯನ್ನು ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಿ, ಅವರ ಅವಧಿ ಮುಗಿದೊಡನೆ ಗುಪ್ತಪದವೂ ಅವರೊಡನೆಯೇ ಹೊರಟುಹೋಗುವಂತೆ ಮಾಡಿದ್ದೇವೆ; ಅದು ಆಡಳಿತ ವರ್ಗದ ತಪ್ಪು. ಆದರೆ ಜಾಲತಾಣ ಅಕ್ಟೋಬರ್‌ನಲ್ಲಿ ತೆರೆದರೆ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರನ್ನೂ ಪಕ್ಕದಲ್ಲಿಟ್ಟು ಜೂನ್‌ನಲ್ಲಿ ಓದಬಾರದೆಂದು ಯಾವ ಸುತ್ತೋಲೆಯೂ ಹೇಳಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ ಧನಸಹಾಯಕ್ಕೆಂದೇ ಪ್ರತ್ಯೇಕ ಕಚೇರಿಯಿರುತ್ತದೆ. ಜೂನ್ 30ಕ್ಕೆ ಮುಗಿದ ವರ್ಷದ ಲೆಕ್ಕವನ್ನೂ ಮುಂದಿನ ವರ್ಷಕ್ಕೆ ಬೇಕಾದ ಹಣದ ಬೇಡಿಕೆಯನ್ನೂ ಒಂದೇ ಪತ್ರದಲ್ಲಿ ಬರೆದು ಶರತ್ಕಾಲದ ಆರಂಭದಲ್ಲಿ ಅವರು ಕೇಂದ್ರ ಸರ್ಕಾರಕ್ಕೆ ಸಲ್ಲಿಸುತ್ತಾರೆ. ಲೆಕ್ಕ ತಪ್ಪಿದರೆ ಬೇಡಿಕೆಯೂ ಕೆಡುತ್ತದೆ. ಅವರಷ್ಟು ಸಿಬ್ಬಂದಿ ನಮಗಿಲ್ಲ. ಆ ಅನುಕರಣೆಯೂ ಬೇಡ. ಲೆಕ್ಕವನ್ನು ಬೇಡಿಕೆಯಿಂದ ಬೇರ್ಪಡಿಸದ ಆ ವಿವೇಕವಷ್ಟೇ ಸಾಕು.

ನಾನು ಬೇಡುವುದು ಅತ್ಯಲ್ಪ. ಪ್ರವೇಶದ ದಿನ ತಂದೆಯೋ ತಾಯಿಯೋ ಹೇಗೂ ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಅಂದೇ, ಅವರ ಎದುರಿನಲ್ಲಿಯೇ, ಹೆಸರು ಹೊಂದುವುದೇ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ, ಆದಾಯ ಪತ್ರದ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ನೋಡಿ ಒಂದು ಪುಸ್ತಕದಲ್ಲಿ ಬರೆಯಬೇಕು. ತಿಂಗಳಿಗೊಮ್ಮೆ ಹಾಜರಿಯೊಡನೆ ಆ ಪುಸ್ತಕವನ್ನು ತಾಳೆ ನೋಡಿದರೆ ಸಮೀಕ್ಷೆಯ ನಮೂನೆಗೂ ಅರೆವಾರ್ಷಿಕ ವರದಿಗೂ ಬೇರೆ ಎಣಿಕೆ ಬೇಕಿಲ್ಲ. ತಿದ್ದುಪಡಿ ಬೇಕಾದವರಿಗೆ ಭಾನುವಾರ ಕಚೇರಿಯನ್ನು ಎರಡು ಗಂಟೆ ತೆರೆದಿಡಬೇಕು. ಕೆಲಸಕ್ಕೆ ಹೋಗುವ ತಂದೆತಾಯಿಗಳು ಮನೆಯಲ್ಲಿರುವುದು ಅಂದೇ. ಪ್ರವೇಶದ ಅರ್ಜಿಯಲ್ಲಿ ಇದಕ್ಕಾಗಿ ಮೂರು ಅಂಕಣಗಳು ಹೆಚ್ಚಾಗಿ ಬೇಕಾಗುತ್ತವೆ. ಅರ್ಜಿಗಳು ಮುದ್ರಣಾಲಯಕ್ಕೆ ಹೋಗುವುದು ಏಪ್ರಿಲ್‌ನಲ್ಲಿ. ಈ ಸಂಚಿಕೆ ಕೈಸೇರುವ ಪ್ರಾಚಾರ್ಯರುಗಳು ಆ ಮೂರು ಅಂಕಣಗಳನ್ನು ಅದಕ್ಕೆ ಮೊದಲೇ ಸೇರಿಸಲೆಂದು ಅರಿಕೆ.