ಹಲ್ಲಿಗೂ ಒಂದು ಪಾಸ್‌ಬುಕ್ ಇರಲಿ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯು ಉದ್ಯೋಗಾರ್ಥವಾಗಿ ಊರು ಬಿಟ್ಟು ಬಂದ ಕನ್ನಡಿಗರ ಪಾಲಿಗೆ ಬಹುಕಾಲ ಅಕ್ಷರಶಃ ಸತ್ಯವಾಗಿತ್ತು. ಮಕ್ಕಳ ವಿದ್ಯಾಭ್ಯಾಸ, ಮನೆಸಾಲದ ಕಂತು, ಊರಿನಲ್ಲಿರುವ ತಾಯಿತಂದೆಯರ ಔಷಧೋಪಚಾರ ಇವೆಲ್ಲ ತೀರಿ ಕೈಯಲ್ಲಿ ನಾಲ್ಕು ಕಾಸು ಉಳಿಯುವ ವೇಳೆಗೆ ಕೋಡುಬಳೆಯನ್ನು ಕಡಿಯುವ ಶಕ್ತಿ ಬಾಯಿಗೆ ಉಳಿದಿರುತ್ತಿರಲಿಲ್ಲ. ರಾತ್ರಿ ನೀರಿನ ಲೋಟದಲ್ಲಿ ತೆಗೆದಿರಿಸುವ ಹಲ್ಲಿನ ಸೆಟ್ಟೇ ಗತಿ. ಮುಂದಿನ ಹಲ್ಲು ಹೋದವರಿಗಂತೂ ವೈಯಾಕರಣರು ದಂತ್ಯವೆಂದು ಹೆಸರಿಸಿದ ಅಕ್ಷರಗಳೇ ಕೈಕೊಟ್ಟು, ಸಭೆಯಲ್ಲಿ ಬಾಯಿ ತೆರೆಯಲು ಸಂಕೋಚವಾಗುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಟೈಟೇನಿಯಂ ಎಂಬ ಲೋಹ. 1952ರ ಸುಮಾರಿಗೆ ಸ್ವೀಡನ್ನಿನ ಸಂಶೋಧಕ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಅವರು ಮೂಳೆಯೊಳಗಿನ ರಕ್ತಸಂಚಾರವನ್ನು ಪರಿಶೀಲಿಸಲೆಂದು ಮೊಲದ ಕಾಲಿನಲ್ಲಿ ಟೈಟೇನಿಯಂ ಸಾಧನವೊಂದನ್ನು ಇರಿಸಿದ್ದರು. ಕೆಲಸ ಮುಗಿದ ಮೇಲೆ ಕೀಳಹೋದರೆ ಅದು ಮೂಳೆಯೊಡನೆ ಬೆಸೆದುಕೊಂಡು ಬರಲೊಲ್ಲದಾಗಿತ್ತು. 1965ರಲ್ಲಿ ಯೋಸ್ತಾ ಲಾರ್ಸನ್ ಎಂಬವರ ದವಡೆಗೆ ಅವರು ಟೈಟೇನಿಯಂ ತಿರುಪುಗಳನ್ನು ಕೂರಿಸಿದರು. ಅವು ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಾಲ್ಕು ದಶಕಗಳಿಗೂ ಮಿಕ್ಕಿ, ಸೇವೆ ಸಲ್ಲಿಸಿದವು.

ಇಂಪ್ಲಾಂಟ್ ಎಂದು ಇಂದು ಎಲ್ಲರ ಬಾಯಲ್ಲಿರುವುದು ಈ ಕೃತಕ ಬೇರೇ. ಈಚಿನ ವರ್ಷಗಳಲ್ಲಿ ಇದರ ಸುತ್ತ ನಡೆದಿರುವ ಪ್ರಗತಿ ಅಲ್ಪವಲ್ಲ. ಕೋನ್ ಬೀಮ್ ಸಿ.ಟಿ. ಚಿತ್ರದಲ್ಲಿ ಮೂಳೆಯ ಎತ್ತರ, ದಪ್ಪ, ಕೆಳದವಡೆಯೊಳಗೆ ಹಾಯುವ ನರದ ಜಾಡು ಇವೆಲ್ಲ ಮೂರು ಆಯಾಮಗಳಲ್ಲಿ ಮೊದಲೇ ಕಾಣುತ್ತವೆ. ಗಣಕಯಂತ್ರದಲ್ಲಿ ಯೋಜಿಸಿ ಮುದ್ರಿಸಿದ ಅಚ್ಚಿನ ಸಹಾಯದಿಂದ ತಿರುಪನ್ನು ಉದ್ದೇಶಿತ ಕೋನದಲ್ಲಿಯೇ ಇಳಿಸಬಹುದು. ಹಲ್ಲೆಲ್ಲ ಹೋದ ದವಡೆಗೆ ನಾಲ್ಕೇ ತಿರುಪುಗಳ ಮೇಲೆ ಪೂರ್ಣ ಪಂಕ್ತಿಯನ್ನು ನಿಲ್ಲಿಸುವ ವಿಧಾನವೂ, ಮೇಲ್ದವಡೆಯ ಮೂಳೆ ತೀರ ಸವೆದವರಿಗೆ ಕೆನ್ನೆಯ ಮೂಳೆಯಲ್ಲಿಯೇ ಆಧಾರ ಹುಡುಕುವ ವಿಧಾನವೂ ರೂಢಿಗೆ ಬಂದಿವೆ. ‘ಒಂದೇ ದಿನದಲ್ಲಿ ಹಲ್ಲು’ ಎಂಬ ಜಾಹೀರಾತನ್ನು ಮಾತ್ರ ತುಸು ನಿಧಾನವಾಗಿ ಓದುವುದು ಲೇಸು. ಆ ದಿನ ದೊರೆಯುವುದು ಸಾಮಾನ್ಯವಾಗಿ ತಾತ್ಕಾಲಿಕ ಹಲ್ಲು. ಮೂಳೆ ಬೆಸೆಯುವುದಕ್ಕೆ ತಿಂಗಳುಗಳೇ ಬೇಕು.

ಇಷ್ಟೆಲ್ಲ ಮುನ್ನಡೆದ ವಿದ್ಯೆಯು ಒಂದು ಸಣ್ಣ ವಿಷಯದಲ್ಲಿ ಹಿಂದುಳಿದಿದೆ. ಲಕ್ಷಗಟ್ಟಲೆ ರೂಪಾಯಿ ತೆತ್ತು ದವಡೆ ಕಟ್ಟಿಸಿಕೊಂಡ ಅನೇಕರ ಕೈಯಲ್ಲಿ ಹಣ ಸಂದಾಯದ ರಸೀತಿಯ ಹೊರತು ಬೇರೆ ಕಾಗದವಿರುವುದಿಲ್ಲ. ಬಾಯಲ್ಲಿರುವ ತಿರುಪು ಯಾವ ಕಂಪನಿಯದು, ಯಾವ ಮಾದರಿಯದು, ಅದರ ವ್ಯಾಸವೆಷ್ಟು, ಉದ್ದವೆಷ್ಟು ಎಂಬುದನ್ನು ಅವರು ಅರಿಯರು. ಒಂದು ಕಂಪನಿಯ ತಿರುಪಿಗೆ ಇನ್ನೊಂದರ ಭಾಗಗಳು ಕೂಡುವುದು ಅಪರೂಪ. ಮುಂಬಯಿಯಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡವರು ವರ್ಗವಾಗಿಯೋ ನಿವೃತ್ತರಾಗಿ ಮಗನೊಡನೆಯೋ ಹೈದರಾಬಾದಿಗೆ ಬಂದರೆನ್ನಿ. ಹತ್ತು ವರ್ಷಗಳ ಮೇಲೆ ಒಳಗಿನ ಪುಟ್ಟ ಸ್ಕ್ರೂ ಸಡಿಲವಾದರೆ ಅಥವಾ ಮುರಿದರೆ, ಹೊಸ ವೈದ್ಯರು ಎಕ್ಸ್‌ರೇ ನೆರಳನ್ನು ನೋಡಿ ಕಂಪನಿಯನ್ನು ಊಹಿಸಬೇಕು. ಊಹೆ ತಪ್ಪಿದಲ್ಲಿ, ಒಂದು ಸ್ಕ್ರೂ ಬದಲಿಸಿ ಮುಗಿಸಬಹುದಾಗಿದ್ದ ರಿಪೇರಿಯು ಗಟ್ಟಿಯಾಗಿರುವ ತಿರುಪನ್ನೇ ಕೊರೆದು ತೆಗೆಯುವಲ್ಲಿಗೆ ಮುಟ್ಟಬಹುದು. ಊರೂರು ಅಲೆಯುವ ಜನರಿಗೆ ಇದು ಸಣ್ಣ ಅಪಾಯವಲ್ಲ. ಐನೂರು ರೂಪಾಯಿಯ ಉಳಿತಾಯ ಖಾತೆಗೂ ಪಾಸ್‌ಬುಕ್ ಕೊಡುವ ದೇಶದಲ್ಲಿ ದವಡೆಯಲ್ಲಿ ಹೂಡಿದ ಬಂಡವಾಳಕ್ಕೆ ಒಂದು ಚೀಟಿಯೂ ಇಲ್ಲದಿರುವುದು ಸೋಜಿಗವೇ ಸರಿ! ಯುರೋಪಿನ ಒಕ್ಕೂಟವು 2017ರಲ್ಲಿ ರಚಿಸಿ 2021ರಿಂದ ಜಾರಿಗೆ ತಂದ ವೈದ್ಯಕೀಯ ಸಾಧನಗಳ ನಿಯಮಾವಳಿಯಲ್ಲಿ ಇಂಪ್ಲಾಂಟ್ ಕಾರ್ಡನ್ನು ರೋಗಿಗೆ ಕೊಡಬೇಕೆಂಬ ವಿಧಿಯಿದೆ. ಇಲ್ಲಿನ ದಂತವೈದ್ಯರು ಕಾನೂನಿಗಾಗಿ ಕಾಯಬೇಕಾದ ಕಾರಣವಿಲ್ಲ. ತಿರುಪಿನ ಪೊಟ್ಟಣದೊಡನೆ ಬರುವ ಅಂಟುಚೀಟಿಯಲ್ಲಿ ಎಲ್ಲ ವಿವರವೂ ಇರುತ್ತದೆ. ಅದನ್ನೊಂದು ಕಾರ್ಡಿಗೆ ಹಚ್ಚಿಕೊಡಲು ಎರಡು ನಿಮಿಷ ಸಾಕು. ಕೆಲವು ವೈದ್ಯರು ಈಗಾಗಲೇ ಹೀಗೆ ಮಾಡುತ್ತಿರುವುದು ಶ್ಲಾಘ್ಯ.

ಆ ಕಾರ್ಡಿನ ಹಿಂಬದಿಯಲ್ಲಿ ತಪಾಸಣೆಯ ತಾರೀಖುಗಳಿಗೂ ಜಾಗವಿರಬೇಕು. ಸ್ವಂತ ಹಲ್ಲಿನ ಬೇರನ್ನು ಮೂಳೆಗೆ ಬಿಗಿಯುವ ಸೂಕ್ಷ್ಮ ತಂತುಗಳು ಇಂಪ್ಲಾಂಟಿಗಿಲ್ಲ. ಅದರ ಸುತ್ತಣ ವಸಡಿಗೆ ಸೋಂಕು ತಗಲಿದಾಗ ನೋವು ಕಾಣಿಸದೆಯೇ ಮೂಳೆ ಕರಗುತ್ತಾ ಹೋಗಬಲ್ಲದು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಹಿಂದಿನಿಂದಲೂ ಇರುವ ವಸಡಿನ ರೋಗ ಇವು ಅಪಾಯವನ್ನು ಹೆಚ್ಚಿಸುತ್ತವೆ. ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಬರೆಯುವ ಜನ ಬಾಯೊಳಗಿನ ಯಂತ್ರಕ್ಕೆ ಮಾತ್ರ ‘ಜೀವಾವಧಿ ಗ್ಯಾರಂಟಿ’ಯನ್ನು ನಂಬಿ ಸುಮ್ಮನಿರುವುದು ಸರಿಯಲ್ಲ. ಖರ್ಚಿನ ಅಂದಾಜು ಬರೆದುಕೊಡುವಾಗಲೇ ಶುಚೀಕರಣದ ಹಾಗೂ ತಪಾಸಣೆಯ ವೆಚ್ಚವನ್ನು ವೈದ್ಯರು ನಮೂದಿಸುವುದು ನ್ಯಾಯ. ಉಳಿಸಬಹುದಾದ ಹಲ್ಲನ್ನು ಕಿತ್ತು ಇಂಪ್ಲಾಂಟ್ ಕೂರಿಸುವ ಆತುರವಂತೂ ಖಂಡಿತ ಕೂಡದು.

ಈಗಾಗಲೇ ಹಾಕಿಸಿಕೊಂಡವರು ಆ ಚಿಕಿತ್ಸಾಲಯ ತೆರೆದಿರುವಾಗಲೇ, ಕಡತಗಳು ಕೈಗೆಟಕುವಂತಿರುವಾಗಲೇ, ವಿವರವನ್ನು ಬರೆಸಿ ತರಬೇಕು. ಕನ್ನಡ ಸಂಘಗಳು ಏರ್ಪಡಿಸುವ ದಂತಶಿಬಿರಗಳಲ್ಲಿ ಇದಕ್ಕೊಂದು ಮೇಜನ್ನು ಮೀಸಲಿಟ್ಟು, ಸಂಘದ ಕಾರ್ಯಕರ್ತರು ಕಾರ್ಡಿನ ನಮೂನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಬಹುದು. ಭರ್ತಿ ಮಾಡಿದ ಕಾರ್ಡಿನ ಪ್ರತಿಯೊಂದು ಮಕ್ಕಳ ಮೊಬೈಲಿನಲ್ಲಿಯೂ ಇರಲಿ.