ಅಖಾಡದ ಹೊರಗಿನ ಹೊಣೆ

ತಾನಾಗಿ ಒಪ್ಪಿ ಅಖಾಡಕ್ಕಿಳಿದವನ ಮೂಳೆ ಮುರಿದರೆ ನೋಡಲು ಬಂದವರದೇನು ತಪ್ಪು? ಅಪಾಯದ ಆಟಗಳ ಪರವಾಗಿ ಮಾತಾಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯಿದು. ಇಂಗ್ಲೆಂಡಿನ ಬರಿಗೈ ಮುಷ್ಟಿಕಾಳಗದ ಚಾಂಪಿಯನ್ ಟಾಮ್ ಸೇಯರ್ಸ್‌ನ ಕತೆ ತಿಳಿದವರಿಗೆ ಈ ಪ್ರಶ್ನೆ ಅಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ.

1826ರಲ್ಲಿ ಬ್ರೈಟನ್ನಿನಲ್ಲಿ ಹುಟ್ಟಿದ ಸೇಯರ್ಸ್ ಗಾರೆ ಕೆಲಸದವನು. ಎತ್ತರ ಐದೂವರೆ ಅಡಿಗಿಂತ ತುಸು ಹೆಚ್ಚು, ತೂಕ ಸುಮಾರು 68 ಕಿಲೋ. ಆಗ ತೂಕಕ್ಕೆ ತಕ್ಕ ವಿಭಾಗಗಳಿರಲಿಲ್ಲ. ಹೀಗಾಗಿ ತನಗಿಂತ ದೊಡ್ಡ ಆಳುಗಳ ಜೊತೆ ಸೆಣಸಿಯೇ 1857ರಲ್ಲಿ ಅವನು ಚಾಂಪಿಯನ್ ಆದ. ವೃತ್ತಿಯುದ್ದಕ್ಕೂ ಸೋತದ್ದು ಒಂದೇ ಸಲ.

1860ರ ಏಪ್ರಿಲ್ 17ರಂದು ಫಾರ್ನ್‌ಬರೋದ ಬಯಲಿನಲ್ಲಿ ಅಮೆರಿಕದ ಆಜಾನುಬಾಹು ಜಾನ್ ಹೀನನ್ ಅವನಿಗೆ ಎದುರಾದ. ಇಂಥ ಕಾಳಗ ಕಾನೂನಿಗೆ ವಿರುದ್ಧ. ಆದರೂ ಲಂಡನ್ನಿನಿಂದ ವಿಶೇಷ ರೈಲುಗಳು ಹೊರಟವು. ಸುಳಿವು ಸಿಗದಿರಲೆಂದು ಟಿಕೆಟ್ಟಿನಲ್ಲಿ ಊರಿನ ಹೆಸರನ್ನೇ ಹಾಕಿರಲಿಲ್ಲ. ಆರಂಭದಲ್ಲೇ ಸೇಯರ್ಸ್‌ನ ಬಲಗೈ ಪೆಟ್ಟು ತಿಂದು ನಿರುಪಯೋಗಿಯಾಯಿತು. ಎರಡು ಗಂಟೆಗೂ ಮಿಕ್ಕಿ ನಡೆದ ಕಾಳಗದ ಬಹುಪಾಲನ್ನು ಅವನು ಎಡಗೈಯೊಂದರಲ್ಲೇ ಕಾದಾಡಿದ. ಹೀನನ್‌ನ ಮುಖ ಬಾತು ಕಣ್ಣು ಮುಚ್ಚಿಕೊಳ್ಳತೊಡಗಿತ್ತು. ಕೊನೆಗೆ ಜನರೂ ಪೊಲೀಸರೂ ನುಗ್ಗಿದ ಗದ್ದಲದಲ್ಲಿ ಪಂದ್ಯ ಡ್ರಾ ಆಯಿತು.

ಅವನನ್ನು ಯಾರೂ ಬಲವಂತ ಮಾಡಿರಲಿಲ್ಲ, ನಿಜ. ಗಾರೆ ಕೆಲಸದಲ್ಲಿ ಕನಸಿಗೂ ಎಟುಕದ ಹಣ, ಹೆಸರು ಮುಷ್ಟಿಯಿಂದ ಬಂತು. ಅವನನ್ನು ಬರೀ ಬಲಿಪಶು ಎಂದರೆ ಅವನ ಛಲಕ್ಕೂ ಕೌಶಲಕ್ಕೂ ಅವಮಾನ. ಆದರೆ ಒಪ್ಪಿಗೆಯ ತೂಕವನ್ನು ಒಪ್ಪಿದವನ ಮುಂದೆ ಬೇರೆ ಯಾವ ದಾರಿಗಳಿದ್ದವು ಎಂಬುದರಿಂದಲೇ ಅಳೆಯಬೇಕು. ಸಿರಿವಂತರ ಮಕ್ಕಳು ಕೈಗವಸು ತೊಟ್ಟು ಈ ವಿದ್ಯೆಯನ್ನು ಹವ್ಯಾಸವಾಗಿ ಕಲಿತರು. ಬರಿಗೈಯಲ್ಲಿ ಹಣಕ್ಕಾಗಿ ಹೊಡೆದಾಡಿದವರು ಹೆಚ್ಚಾಗಿ ಕೂಲಿಕಾರರು.

ಆ ಕಾಳಗದ ಬಳಿಕ ಅಭಿಮಾನಿಗಳು ಸೇಯರ್ಸ್‌ಗಾಗಿ ಸುಮಾರು 3,000 ಪೌಂಡ್ ಚಂದಾ ಕೂಡಿಸಿದರು. ಷರತ್ತು: ಇನ್ನು ಅವನು ಅಖಾಡಕ್ಕಿಳಿಯಬಾರದು. ನೋಡುಗರಿಗೆ ಹೊಣೆಯೇ ಇಲ್ಲವೆಂದಾದರೆ ಈ ಹಣವೇಕೆ, ಈ ಷರತ್ತೇಕೆ? ತಾವು ಸವಿದ ರೋಮಾಂಚನಕ್ಕೆ ಬೆಲೆ ತೆತ್ತದ್ದು ಮತ್ತೊಬ್ಬನ ಮೈ ಎಂಬುದು ಅವರಿಗೆ ಗೊತ್ತಿತ್ತು. 1865ರಲ್ಲಿ, 39ನೆಯ ವಯಸ್ಸಿಗೇ ಅವನು ಕಾಯಿಲೆಯಿಂದ ತೀರಿಕೊಂಡಾಗ ಸಾವಿರಾರು ಜನ ಶವಯಾತ್ರೆಯಲ್ಲಿ ನಡೆದರು.

1867ರ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸನ್ನು ಕಡ್ಡಾಯ ಮಾಡಿದವು. ಗವಸು ಹೊಡೆಯುವವನ ಬೆರಳ ಗೆಣ್ಣನ್ನು ಕಾಯುತ್ತದೆ. ಹೊಡೆತ ತಿನ್ನುವವನ ಮಿದುಳನ್ನು ಅಷ್ಟಾಗಿ ಕಾಯುವುದಿಲ್ಲ. ರಕ್ತ ಕಣ್ಣಿಗೆ ಕಾಣದಂತಾದ ಮಾತ್ರಕ್ಕೆ ಹೊಣೆ ತೀರಲಿಲ್ಲ. ಟಿಕೆಟ್ ಕೊಂಡವರೂ ಬಾಜಿ ಕಟ್ಟಿದವರೂ ಆಟದ ಪಾಲುದಾರರೇ. ಆಟಗಾರನ ಚಿಕಿತ್ಸೆ, ಪಂದ್ಯವನ್ನು ಸಕಾಲಕ್ಕೆ ನಿಲ್ಲಿಸುವ ಅಧಿಕಾರ, ನಿವೃತ್ತಿಯ ನಂತರದ ಜೀವನ ಇವು ಮೆಚ್ಚಿದ ಒಬ್ಬನಿಗೆ ಕೊಡುವ ಇನಾಮಾಗದೆ, ಮೊದಲ ಏಟು ಬೀಳುವ ಮುನ್ನವೇ ಎಲ್ಲರಿಗೂ ದಕ್ಕುವ ಹಕ್ಕಾಗಬೇಕು.