ಬೆಳಕು ಕೊಟ್ಟ ಬೆಟ್ಟಕ್ಕೆ ಸೀಸದ ಕಸ

ಮುಂಗಾರು ಹಿಡಿದ ಮೇಲೆ ಮಲೆನಾಡಿನಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಕಾಡಿನೊಳಗೆ ಹಾದುಬಂದ ತಂತಿಯ ಮೇಲೆ ಒಂದು ಕೊಂಬೆ ಮುರಿದು ಬಿದ್ದರೆ ಸಾಕು, ನಾಲ್ಕು ಊರುಗಳು ಮೂರು ದಿನ ಕತ್ತಲೆಯಲ್ಲಿ ಕುಳಿತಿರುತ್ತವೆ. ಜೋಗದಲ್ಲಿ ವಿದ್ಯುದಾಗಾರ ಆರಂಭವಾದದ್ದು 1948ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಊರು, ಗದ್ದೆ, ಕಾಡುಗಳನ್ನು ಮುಳುಗಿಸಿ ಪಡೆದ ಆ ವಿದ್ಯುತ್ತು ದೊಡ್ಡ ಗೋಪುರಗಳನ್ನೇರಿ ನಮ್ಮ ತಲೆಯ ಮೇಲಿಂದಲೇ ಹಾದುಹೋಗುತ್ತದೆ. ಅದೂ ಸಾಲದೆಂಬಂತೆ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿತು. ಎಂದರೆ, ನಗರದ ಸಂಜೆಗಾಗಿ ಬೆಟ್ಟದ ಹೊಟ್ಟೆಯಲ್ಲೊಂದು ಬೃಹತ್ ಬ್ಯಾಟರಿ. ಬೆಟ್ಟದವರ ಪಾಲಿಗೆ ಬಂದ ಬ್ಯಾಟರಿಯಾದರೋ ಸಂತೆಯಲ್ಲಿ ಮಾರುವ ನಾಲ್ಕು ವೋಲ್ಟಿನ ಡಬ್ಬಿ!

ಆ ಡಬ್ಬಿಯ ಬಗೆಗೇ ಈ ತಕರಾರು. ಎಮರ್ಜೆನ್ಸಿ ಲೈಟ್ ಎಂಬ ಹೆಸರಿನ ಅಗ್ಗದ ದೀಪಗಳಲ್ಲಿ ಬಹುಪಾಲಿನ ಒಳಗಿರುವುದು ಮುಚ್ಚಿದ ಸೀಸ–ಆಮ್ಲದ ಬ್ಯಾಟರಿ. ಇದನ್ನು ಸದಾ ತುಂಬಿದ ಸ್ಥಿತಿಯಲ್ಲಿಡಬೇಕು. ಖಾಲಿಯಾಗಿ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಅದು ಪೂರ್ತಿ ಕರಗುವುದಿಲ್ಲ. ನಮ್ಮ ಬಳಕೆಯ ಕ್ರಮ ನೋಡಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೀಪ ಪೂರ್ತಿ ಆರುವವರೆಗೆ ಉರಿಸುತ್ತೇವೆ, ಉಳಿದ ಎಂಟು ತಿಂಗಳು ಅದು ಅಟ್ಟದ ಮೇಲೆ ಧೂಳು ತಿನ್ನುತ್ತದೆ. ಮುಂದಿನ ಮಳೆಗೆ ಕೆಳಗಿಳಿಸಿದಾಗ ಹತ್ತು ನಿಮಿಷವೂ ಬೆಳಗದಿದ್ದರೆ ಅದು ಮನೆಯವರ ಅಜಾಗರೂಕತೆಯಲ್ಲ. ನಮ್ಮ ಹವಾಮಾನಕ್ಕೆ ಹೊಂದದ ವಸ್ತುವನ್ನು ನಮಗೆ ಮಾರಲಾಗಿದೆ. ವರ್ಷಕ್ಕೊಂದು ಮಾರಾಟವಾಗುವಾಗ ವ್ಯಾಪಾರಿ ಏಕೆ ಬೇಡವೆಂದಾನು?

ಸತ್ತ ಡಬ್ಬಿ ಎಲ್ಲಿಗೆ ಹೋಗುತ್ತದೆ? ಹಿತ್ತಲಿನ ಗುಂಡಿಗೆ, ಹಳ್ಳದ ದರೆಗೆ, ಕೆಲವೊಮ್ಮೆ ಬಚ್ಚಲ ಒಲೆಗೆ. ಗುಜರಿಯವರ ಕೈಗೆ ಸಿಕ್ಕಿದರೆ ಆಮ್ಲವನ್ನು ನೆಲಕ್ಕೆ ಚೆಲ್ಲಿ ಸೀಸವನ್ನು ಬಯಲಿನಲ್ಲೇ ಕರಗಿಸುವುದುಂಟು. ಮಣ್ಣಿನ ವಿದ್ಯಾರ್ಥಿಯಾಗಿ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಸುಣ್ಣದ ಅಂಶವಿರುವ ಬಯಲುಸೀಮೆಯ ಮಣ್ಣಿನಲ್ಲಿ ಸೀಸ ಬಹುಮಟ್ಟಿಗೆ ಬಿದ್ದಲ್ಲೇ ಹಿಡಿದುಕೊಂಡಿರುತ್ತದೆ. ಮಳೆ ತೊಳೆದು ತೊಳೆದು ಹುಳಿಯಾದ ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಅದು ಸಡಿಲಗೊಳ್ಳುವುದು ಹೆಚ್ಚು. ಬ್ಯಾಟರಿಯ ಗಂಧಕಾಮ್ಲವೂ ಸೇರಿದರೆ ಇನ್ನೂ ಹೆಚ್ಚು. ಇಳಿಜಾರಿನ ಮೇಲೆ ಗುಂಡಿ, ಕೆಳಗೆ ತೋಟ ಮತ್ತು ಬಾವಿ: ಇದು ನಮ್ಮ ಮನೆಗಳ ಸಾಮಾನ್ಯ ವಿನ್ಯಾಸ. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುವ ಈ ಲೋಹಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

‘ಬಡವರ ದೀಪಕ್ಕೂ ನಿಮ್ಮ ಆಕ್ಷೇಪವೇ?’ ಎಂದು ಕೇಳುವವರಿದ್ದಾರೆ. ಇರಲಿ, ಲೆಕ್ಕವನ್ನೇ ಹಾಕೋಣ. ನಾಲ್ಕು ವೋಲ್ಟ್, ಒಂದು ಆಂಪಿಯರ್–ಗಂಟೆಯ ಬ್ಯಾಟರಿಯಲ್ಲಿರುವುದು 4 ವ್ಯಾಟ್–ಗಂಟೆ. ಅದರಲ್ಲಿ 2 ವ್ಯಾಟಿನ ದೀಪ ಎರಡು ಗಂಟೆಗಿಂತ ಹೆಚ್ಚು ಉರಿಯದು. ಡಬ್ಬಿಯ ಮೇಲೆ ಎಷ್ಟು ಗಂಟೆ ಅಚ್ಚಾಗಿದ್ದರೂ ಸರಿಯೆ. ಪೂರ್ತಿ ಬಳಸಿ ಪೂರ್ತಿ ತುಂಬುವ ಕ್ರಮದಲ್ಲಿ ಸೀಸದ ಬ್ಯಾಟರಿ ಕೆಲವು ನೂರು ಸಲಕ್ಕೆ ಮುಗಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾವಿರಕ್ಕೂ ಮಿಕ್ಕಿ ಬರುತ್ತದೆ. ಅರ್ಧ ತುಂಬಿಸಿಟ್ಟು ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಂಡರೆ ಬೇಸಿಗೆಯನ್ನೂ ದಾಟುತ್ತದೆ. ಅಗ್ಗದ್ದನ್ನು ಪ್ರತಿವರ್ಷ ಕೊಳ್ಳುವುದೇ ಬಡವರಿಗೆ ಬಿದ್ದಿರುವ ದುಬಾರಿ ದಂಡ.

ಕೊಳ್ಳುವ ಮುನ್ನ ಮುಚ್ಚಳ ಬಿಚ್ಚಿ ತೋರಿಸಲು ಹೇಳಿ. ಸ್ಕ್ರೂ ಇಲ್ಲದೆ ಅಂಟು ಹಾಕಿ ಮುಚ್ಚಿದ್ದರೆ ಅದನ್ನು ಬಿಸಾಡಲೆಂದೇ ಮಾಡಿದ್ದಾರೆ. ಬ್ಯಾಟರಿ ಬದಲಿಸಲು ಬರುವಂತಿರಬೇಕು, ಅದರ ವೋಲ್ಟೇಜು ಮತ್ತು ಸಾಮರ್ಥ್ಯ ಎರಡೂ ಅಚ್ಚಾಗಿರಬೇಕು. ಚಾರ್ಜು ಮಾಡಬಲ್ಲ ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲುಗಳ ಲಾಟೀನೂ ಒಳ್ಳೆಯದೇ. ದೀಪದ ನೆತ್ತಿಗೆ ಅಂಟಿಸಿದ ಅಂಗೈಯಗಲದ ಸೌರಫಲಕವನ್ನು ಮಾತ್ರ ನಂಬಬೇಡಿ. ಆಷಾಢದ ಮೋಡದಲ್ಲಿ ಅದು ಅಲಂಕಾರವಷ್ಟೇ. ಬಣ್ಣವನ್ನೂ ಗಮನಿಸಿ: ನೀಲಿಛಾಯೆಯ ಬಿಳಿ ಬೆಳಕಿಗಿಂತ ಹಳದಿಛಾಯೆಯ ಬೆಳಕಿಗೆ ಹುಳುಗಳು ಕಡಿಮೆ ಬರುತ್ತವೆ. ಮೊದಲ ಮಳೆಯ ಗೆದ್ದಲ ರೆಕ್ಕೆಗಳನ್ನು ಸಾರಿನಿಂದ ಹೆಕ್ಕಿದವರಿಗೆ ವಿವರಣೆ ಬೇಕಿಲ್ಲ.

ಲಿಥಿಯಂ ಎಂದೊಡನೆ ಪುಣ್ಯವಸ್ತುವೆಂದು ಭ್ರಮಿಸಬೇಕಾಗಿಲ್ಲ. ಅದರ ಸೆಲ್ಲು ಬಚ್ಚಲ ಒಲೆಗೆ ಬಿದ್ದರೆ ಸಿಡಿಯುತ್ತದೆ. ಆದ್ದರಿಂದ ಯಾವುದೇ ಬ್ಯಾಟರಿಯಾಗಲಿ, ಮಾಡಿದವನೇ ಮರಳಿ ಪಡೆಯಬೇಕು. ಇದು ನಾವು ಬೇಡುವ ಭಿಕ್ಷೆಯಲ್ಲ. ಸೀಸದ ಬ್ಯಾಟರಿಗಳಿಗೆ 2001ರಿಂದಲೇ ನಿಯಮವಿತ್ತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿವೆ. ಆ ನಿಯಮ ಘಟ್ಟ ಹತ್ತುವಷ್ಟರಲ್ಲಿ ದಣಿದು ನಿಂತಂತಿದೆ. ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಮಂಡಿಸಿ: ಪಂಚಾಯಿತಿ ಕಚೇರಿಯಲ್ಲಿ ಹಳೆಯ ಬ್ಯಾಟರಿಗೊಂದು ಮುಚ್ಚಿದ ಪೆಟ್ಟಿಗೆ ಇಡಬೇಕು, ತುಂಬಿದಾಗ ಒಯ್ಯುವಂತೆ ಉತ್ಪಾದಕರಿಗೆ ಬರೆಯಬೇಕು, ಪ್ರತಿಯೊಂದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಬೇಕು. ವಿದ್ಯಾರ್ಥಿ ಮಿತ್ರರು ಈ ರಜೆಯಲ್ಲಿ ತಮ್ಮೂರಿನ ಪ್ರತಿ ಮನೆಯ ಅಟ್ಟದಲ್ಲಿರುವ ಸತ್ತ ದೀಪಗಳನ್ನು ಎಣಿಸಿ ಪಟ್ಟಿ ಮಾಡಲಿ. ಠರಾವಿನ ಜೊತೆಗೆ ಆ ಪಟ್ಟಿಯೂ ಹೋಗಬೇಕು.